ಲೆಕ್ಕದ ಹಾಳೆ ಇಟ್ಟುಕೊಂಡು ‘ವಾಲ್ಡನ್’ ಓದುವ ಕ್ರಮ

ಅಮೆರಿಕದ ಲೇಖಕ ಥೋರೋ, ವಾಲ್ಡನ್ ಕೊಳದ ದಡದಲ್ಲಿ ಗುಡಿಸಲು ಕಟ್ಟಿ ಒಬ್ಬನೇ ಬದುಕಿದ್ದನ್ನು ಬರೆದ ಪುಸ್ತಕ ‘ವಾಲ್ಡನ್’ (1854). ಅದನ್ನು ಹಿಡಿದವರು ಸಿಕ್ಕಿಬೀಳುವುದು ಮೊದಲ ಅಧ್ಯಾಯದಲ್ಲೇ. ಕಾಡು, ಕೊಳ, ಹಕ್ಕಿ ಅಂದುಕೊಂಡು ಹೋದರೆ ಮೊಳೆ, ಇಟ್ಟಿಗೆ, ಸುಣ್ಣದ ಖರ್ಚು ಎದುರಾಗುತ್ತದೆ. 18 ಅಧ್ಯಾಯಗಳಲ್ಲಿ ಅದೇ ಎಲ್ಲಕ್ಕಿಂತ ಉದ್ದ. ಹಾಗಾಗಿ ಎರಡನೆಯದನ್ನು ಮೊದಲು ಓದಿ. ಕಾಡಿಗೆ ಯಾಕೆ ಹೋದೆ ಎಂದು ಆತ ಹೇಳುವುದು ಅಲ್ಲಿ. ಆಮೇಲೆ ಪೆನ್ಸಿಲ್ ಹಿಡಿದು ಮೊದಲನೆಯದಕ್ಕೆ ಬನ್ನಿ.

ಹಾಳೆಯಲ್ಲಿ ಎರಡು ಸಾಲು ಮಾಡಿಕೊಳ್ಳಿ: ಒಂದರಲ್ಲಿ ಹಣ, ಇನ್ನೊಂದರಲ್ಲಿ ಅದನ್ನು ದುಡಿಯಲು ಹಿಡಿಯುವ ದಿನ. ಕೂಲಿ ದಿನಕ್ಕೆ 1 ಡಾಲರ್ ಎಂದು ಆತನೇ ಹಿಡಿಯುತ್ತಾನೆ. ಊರಿನ ಸಾಧಾರಣ ಮನೆಗೆ 800 ಡಾಲರ್. ಅಂದರೆ ಊಟ-ಬಟ್ಟೆಯ ಖರ್ಚೂ ಸೇರಿ 10-15 ವರ್ಷದ ದುಡಿಮೆ. 10 ಅಡಿ ಅಗಲ, 15 ಅಡಿ ಉದ್ದದ ಆತನ ಗುಡಿಸಲಿಗೆ 28 ಡಾಲರ್ 12½ ಸೆಂಟ್. ಅಂದರೆ ಕೂಲಿ ಪೂರ್ತಿ ಇದಕ್ಕೇ ಹಾಕಿದರೆ ಒಂದು ತಿಂಗಳೂ ತುಂಬದು. ಆತನ ಮಟ್ಟಿಗೆ ಸ್ವಾತಂತ್ರ್ಯ ಎಂದರೆ ಈ ಎರಡು ಅಂಕಿಗಳ ನಡುವೆ ಉಳಿದ ವರ್ಷಗಳು. ಆದರೆ ಲೆಕ್ಕವನ್ನು ಹಾಗೇ ನಂಬಬೇಡಿ: ತನ್ನ ಕೂಲಿ, ಅಲ್ಲೇ ಸಿಕ್ಕ ಮರ, ಕಲ್ಲು, ಮರಳು ಅದರಲ್ಲಿಲ್ಲ. ಜಾಗವಂತೂ ಆತನ ಗೆಳೆಯ, ಲೇಖಕ ಎಮರ್ಸನ್‌ನದು.

ರೈಲಿನ ಲೆಕ್ಕವನ್ನೂ ಹೀಗೇ ಬಿಡಿಸಿ. 30 ಮೈಲಿಗೆ ಟಿಕೆಟ್ 90 ಸೆಂಟ್, ಹೆಚ್ಚುಕಡಿಮೆ ಒಂದು ದಿನದ ಕೂಲಿ. ಈಗಲೇ ನಡೆದು ಹೊರಟವನು ಸಂಜೆಗೆ ತಲುಪಿರುತ್ತಾನೆ, ಟಿಕೆಟ್ ಹಣಕ್ಕೆ ದುಡಿಯುತ್ತಾ ನಿಂತವನು ಅವನ ಹಿಂದೆ ಬರುತ್ತಾನೆ. ಒಣ ಹಾಸ್ಯ ಇದು, ಉಪದೇಶ ಎಂದು ಓದಿದರೆ ಕೆಟ್ಟಿತು.

ತಾರೀಖಿನಲ್ಲೂ ಎಡವಬಹುದು. ಆತ ಕೊಳದ ದಡದಲ್ಲಿದ್ದದ್ದು 1845ರ ಜುಲೈ 4ರಿಂದ 1847ರ ಸೆಪ್ಟೆಂಬರ್ 6ರವರೆಗೆ, ಪುಸ್ತಕದಲ್ಲಿ ಅದು ಒಂದೇ ವರ್ಷ. ತಲೆಗಂದಾಯ ಕಟ್ಟದೆ ಒಂದು ರಾತ್ರಿ ಜೈಲಿನಲ್ಲಿ ಕಳೆದದ್ದು 1846ರ ಜುಲೈನಲ್ಲಿ, ಅಂದರೆ ಎರಡನೇ ಬೇಸಿಗೆಯಲ್ಲಿ. 8ನೇ ಅಧ್ಯಾಯ ಮಾತ್ರ ಮೊದಲ ಬೇಸಿಗೆಯ ಕೊನೆ ಎನ್ನುತ್ತದೆ. ಜೈಲಿನ ಮಾತು ಅಲ್ಲಿ ನಾಲ್ಕಾರು ಸಾಲು ಅಷ್ಟೇ. ಗುಲಾಮಗಿರಿಗೆ, ಮೆಕ್ಸಿಕೋ ಯುದ್ಧಕ್ಕೆ ಬೆನ್ನಾಗಿ ನಿಂತ ಸರ್ಕಾರಕ್ಕೆ ಹಣ ಯಾಕೆ ಕೊಡಬೇಕೆಂಬ ವಾದ ಪೂರ್ತಿ ಬೇಕಿದ್ದರೆ ಆತನ 1849ರ ಅಸಹಕಾರದ ಪ್ರಬಂಧವನ್ನು (ಈಗ ‘ಸಿವಿಲ್ ಡಿಸ್ಒಬೀಡಿಯೆನ್ಸ್’ ಎಂದು ಹೆಸರಾದದ್ದು) 8ನೆಯದರ ಬೆನ್ನಿಗೇ ಓದಿ.

ನಿಸರ್ಗದ ಅಧ್ಯಾಯಗಳನ್ನು ದಿನಕ್ಕೊಂದರಂತೆ ಸಾಕು. 16ನೆಯದಕ್ಕೆ ಮತ್ತೆ ಪೆನ್ಸಿಲ್ ಬೇಕು. ತಳವೇ ಇಲ್ಲ ಎಂದು ಜನ ನಂಬಿದ್ದ ಕೊಳಕ್ಕೆ ಆತ 1846ರ ಚಳಿಗಾಲದಲ್ಲಿ ನೂರಕ್ಕೂ ಹೆಚ್ಚು ಕಡೆ ದಾರ ಇಳಿಬಿಟ್ಟು ಅಳೆದ. ಅತಿ ಆಳ 102 ಅಡಿ. ಕೊಳದ ಚಿತ್ರ ಬರೆದು, ಅತಿ ಉದ್ದದ ಗೆರೆಯನ್ನೂ ಅತಿ ಅಗಲದ ಗೆರೆಯನ್ನೂ ಎಳೆಯಿರಿ. ಆ ಆಳ ಸಿಕ್ಕಿದ್ದು ಎರಡೂ ಕೂಡುವ ಜಾಗದಲ್ಲೇ.