ಚಿಕೋರಿ ಇಲ್ಲದ ಗಟ್ಟಿ ಡಿಕಾಕ್ಷನ್: ನನ್ನ ಅನುಭವ

ಕಾಫಿಪುಡಿಗೆ ಬೆರೆಸುವ ಚಿಕೋರಿ ಬೇರಿನ ಪುಡಿಯನ್ನು ತೆಗೆದರೆ ಡಿಕಾಕ್ಷನ್ ನೀರಾಗುತ್ತದೆ, ಬಣ್ಣ ಬರುವುದಿಲ್ಲ, ನೆಂಟರು ಲೋಟ ಅರ್ಧಕ್ಕೇ ಇಟ್ಟು ಏಳುತ್ತಾರೆ ಎಂದು ಪುಡಿ ಅಂಗಡಿಯವರಿಂದ ಹಿಡಿದು ಭಾವನವರೆಗೆ ಎಲ್ಲರೂ ಹೇಳಿದರು. ಎರಡು ವರ್ಷದಿಂದ ನಮ್ಮ ಫಿಲ್ಟರಿನಲ್ಲಿ ಶುದ್ಧ ಕಾಫಿಯೇ ಇಳಿಯುತ್ತಿದೆ. ಕಳೆದ ಯುಗಾದಿಗೆ ಬಂದಿದ್ದ ಅದೇ ಭಾವ ಎರಡನೇ ಲೋಟವನ್ನು ಕೇಳಿ ಕುಡಿದರು.

ಶುರುವಾದದ್ದು ಹೊಟ್ಟೆಯಿಂದ. ದಿನಕ್ಕೆ ಐದು ಲೋಟ, ಶೇ. 53 ಕಾಫಿಗೆ ಶೇ. 47 ಚಿಕೋರಿ ಬೆರೆಸಿದ ಪುಡಿ. ಕಾನೂನು ಹೇಳುವುದು ಮಿಶ್ರಣದಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು ಎಂದಷ್ಟೇ. ಚಿಕೋರಿಯೇನೂ ವಿಷವಲ್ಲ, ಎಷ್ಟೋ ಜನರಿಗೆ ಒಗ್ಗುತ್ತದೆ. ಆ ಬೇರಿನ ಇನುಲಿನ್ ನಾರು ನನಗೆ ಒಗ್ಗಲಿಲ್ಲ; ಹನ್ನೊಂದು ಗಂಟೆಯ ಹೊತ್ತಿಗೆ ಹೊಟ್ಟೆ ತಮಟೆಯಾಗುತ್ತಿತ್ತು.

ಮೊದಲ ಸಲ ಅಗ್ಗವೆಂದು ಬರೀ ರೋಬಸ್ಟಾ ಜಾತಿಯ ಕಾಫಿ ತಂದು, ಹಿಂದಿನಂತೆಯೇ ಐದು ಚಮಚ ಹಾಕಿದೆ. ಮೂರು ರಾತ್ರಿ ನಿದ್ದೆಯಿಲ್ಲ, ಎದೆ ಡವಡವ. ಚಿಕೋರಿಯಲ್ಲಿ ಕೆಫೀನ್ ಇಲ್ಲ, ರೋಬಸ್ಟಾದಲ್ಲಿ ಇನ್ನೊಂದು ಜಾತಿಯಾದ ಅರೇಬಿಕಾದ ಹೆಚ್ಚುಕಡಿಮೆ ಎರಡರಷ್ಟು. ಚಿಕೋರಿ ಬಿಡುವವರು ಮೊದಲು ಪುಡಿಯ ಅಳತೆ ಇಳಿಸಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಎರಡನೇ ಸಲ ಬರೀ ಅರೇಬಿಕಾ, ಎಳೆಯ ಹುರಿತ: ಹುಳಿ ಹೊಡೆಯಿತು. ಮೂರನೇ ಸಲ ಗಟ್ಟಿ ಬರಲೆಂದು ಮೈದಾದಂತೆ ನುಣ್ಣಗೆ ಬೀಸಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಮೇಲಿನ ಪಾತ್ರೆಯಲ್ಲಿ ನೀರು ಹಾಗೆಯೇ ನಿಂತಿತ್ತು, ಕೆಳಗೆ ಎರಡು ಗುಟುಕು. ಒಟ್ಟು ಮೂರು, ಮೂರೂವರೆ ಸಾವಿರ ರೂಪಾಯಿಯ ಬೀಜ ಕರಿಬೇವಿನ ಬುಡ ಸೇರಿತು.

ಗೆದ್ದದ್ದು ಹೀಗೆ: ಪ್ಲಾಂಟೇಷನ್ ಎ (ತೊಳೆದು ಸಂಸ್ಕರಿಸಿದ ಅರೇಬಿಕಾದ ಒಂದು ದರ್ಜೆ) ಮೂರು ಪಾಲು, ರೋಬಸ್ಟಾ ಪೀಬೆರಿ (ಹಣ್ಣಿನಲ್ಲಿ ಒಂದೇ ಆಗಿ ಬೆಳೆದ ದುಂಡು ಬೀಜ) ಒಂದು ಪಾಲು. ಎರಡನ್ನೂ ಬೇರೆ ಬೇರೆ ಹುರಿಯಬೇಕು, ಪೀಬೆರಿ ತುಸು ಕಪ್ಪಗೆ. ಕಿಲೋ ಹಸಿಬೀಜ ಹುರಿದರೆ 820-850 ಗ್ರಾಂ ಉಳಿಯುತ್ತದೆ; ಲೆಕ್ಕ ಹಾಕುವಾಗ ಮರೆಯಬೇಡಿ. ಐದರ ಬದಲು ಮೂರು ಚಮಚ ಪುಡಿ. ಮೊದಲು ಪುಡಿ ನೆನೆಯುವಷ್ಟೇ ನೀರು. ಅದು ಉಬ್ಬಿ, ಗುಳ್ಳೆ ಒಡೆದು, ಮೇಲ್ಮೈ ಮಂಕಾದ ಮೇಲೆ ಉಳಿದ ನೀರು. ಹುರಿದ ಬೀಜವನ್ನು ಎಷ್ಟು ದಿನ ಇಟ್ಟು ಬೀಸುತ್ತೇನೆ, ಪುಡಿಯನ್ನು ಎಷ್ಟು ಒತ್ತುತ್ತೇನೆ ಎಂಬೆರಡನ್ನು ಇಲ್ಲಿ ಬರೆಯುವುದಿಲ್ಲ. ಒಂದೂವರೆ ವರ್ಷ ತಿಣುಕಿ ಕಂಡುಕೊಂಡದ್ದು ಅದು. ಕಿಲೋಗೆ ಇನ್ನೂರೈವತ್ತು ರೂಪಾಯಿ ಹೆಚ್ಚು ಬೀಳುತ್ತದೆ, ಆದರೆ ಪುಡಿ ಕಡಿಮೆ ಸಾಕಾಗುವುದರಿಂದ ತಿಂಗಳ ಖರ್ಚು ಹೆಚ್ಚುಕಡಿಮೆ ಅಷ್ಟೇ.

ಸಕ್ಕರೆಯದು ಇನ್ನೊಂದು ಕಥೆ. ಲೋಟಕ್ಕೆ ಎರಡು ಚಮಚ ಎಂದರೆ ದಿನಕ್ಕೆ 50 ಗ್ರಾಂ, ತಿಂಗಳಿಗೆ ಒಂದೂವರೆ ಕಿಲೋ ಕಾಫಿಗೇ. ವಾರಕ್ಕೆ ಕಾಲು ಚಮಚದಂತೆ ಇಳಿಸಿ ಅರ್ಧ ಚಮಚಕ್ಕೆ ನಿಲ್ಲಿಸಿದೆ. ನಡುವೆ ಬೆಲ್ಲವನ್ನೂ ನೋಡಿದೆ. ಕುದಿಯುವ ಹಾಲಿಗೆ ಹಾಕಿ ಎರಡು ಸಲ ಒಡೆಸಿಕೊಂಡ ಮೇಲೆ ಡಿಕಾಕ್ಷನ್‌ನಲ್ಲಿ ಕರಗಿಸುವುದನ್ನು ಕಲಿತೆ. ರುಚಿ ಸೊಗಸು, ಆದರೆ ಸಕ್ಕರೆ ಕಾಯಿಲೆ ಇರುವವರು ಬೆಲ್ಲವನ್ನು ಔಷಧ ಎಂದುಕೊಳ್ಳಬಾರದು, ಅದೂ ಸಕ್ಕರೆಯೇ. ಬೆಣ್ಣೆ ಕಾಫಿಯನ್ನು ಒಂದೇ ದಿನಕ್ಕೆ ಬಿಟ್ಟೆ. ಕೊಲೆಸ್ಟ್ರಾಲ್ ಏರಿಸುವ ಕೆಫೆಸ್ಟಾಲ್ ಎಣ್ಣೆ ಕಾಗದದಲ್ಲಿ ನಿಲ್ಲುತ್ತದೆಂದು ಸ್ಟೀಲ್ ಫಿಲ್ಟರಿನ ತಳಕ್ಕೆ ಫಿಲ್ಟರ್ ಕಾಗದವನ್ನು ದುಂಡಗೆ ಕತ್ತರಿಸಿ ಹಾಕುತ್ತಿದ್ದೇನೆ. ಇಳಿಯಲು ಮೂರು ಗಂಟೆ ಬೇಕು, ಡಿಕಾಕ್ಷನ್ನೂ ತೆಳು. ಇದು ಇನ್ನೂ ಕೈಗೆ ಕೂತಿಲ್ಲ.

ದೊಡ್ಡ ಲಾಭವಾದದ್ದು ಅಮ್ಮನಿಗೆ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿಯ ಕೊನೆಯ ಗುಟುಕಿನಲ್ಲಿ ನುಂಗುತ್ತಿದ್ದರು. ಕಾಫಿ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಊಟಕ್ಕೂ ಕಾಫಿಗೂ ಒಂದು ಗಂಟೆಯಾದರೂ ಅಂತರವಿರಲಿ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2024ರ ಆಹಾರ ಮಾರ್ಗಸೂಚಿಯೂ ಹೇಳುತ್ತದೆ. ಈಗ ಮಾತ್ರೆ ನಿಂಬೆ ಪಾನಕದ ಜೊತೆಗೆ. ಒಂಬತ್ತರ ಆಸುಪಾಸಿನಲ್ಲಿದ್ದ ಹಿಮೋಗ್ಲೋಬಿನ್ ನಾಲ್ಕೈದು ತಿಂಗಳಲ್ಲಿ ಹನ್ನೊಂದು ದಾಟಿತು. ಕಾಫಿ ಹತ್ತೂವರೆಗೆ. ಹತ್ತಕ್ಕೇ ಅಡುಗೆಮನೆಯ ಹೊಸ್ತಿಲ ಬಳಿ ಬಂದು ಕುಳಿತು, ಫಿಲ್ಟರಿನ ಕೆಳಪಾತ್ರೆಯನ್ನು ಬೆರಳಿನಿಂದ ತಟ್ಟಿ ಎಷ್ಟು ಇಳಿದಿದೆ ಎಂದು ಸದ್ದಿನಲ್ಲೇ ಹೇಳುತ್ತಾರೆ.