ಸವಳು-ಜವಳಾದ ಹೊಲ: ಮೊದ್ಲು ನೀರು ಹೊರಗೆ, ಆಮೇಲೆ ಜಿಪ್ಸಂ

ಕೃಷ್ಣಾ, ಘಟಪ್ರಭಾ, ತುಂಗಭದ್ರಾ ಕಾಲುವೆ ಕೆಳಗಿನ ಎರೆ ಹೊಲಗಳು ಸವಳು-ಜವಳಾಗಿ, ಅಂದ್ರೆ ಉಪ್ಪೇರಿ ನೀರು ನಿಂತು, ಬೀಳು ಬಿದ್ದಿರೋದು ನೋಡಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ. ಕಬ್ಬಿಗೆ ಭತ್ತಕ್ಕೆ ವರ್ಷಗಟ್ಟಲೆ ನೀರು ಹಾಯಿಸಿ ಹಾಯಿಸಿ, ಕಾಲುವೆ ಬಸಿಯೋದೂ ಸೇರಿ, ತಳದ ನೀರು ಮೇಲಕ್ಕೆ ಬರತ್ತೆ, ಬಿಸಿಲಿಗೆ ನೀರು ಆರಿ ಉಪ್ಪಷ್ಟೇ ಮೇಲೆ ಉಳಿಯತ್ತೆ. ಆದ್ರೆ ಈ ಭೂಮಿ ವಾಪಸ್ ಬರತ್ತೆ, ಕೈಬಿಡ್ಬೇಡಿ.

ಮೊದ್ಲು ಬೇಸಿಗೆಯಲ್ಲಿ ಮಣ್ಣು ಟೆಸ್ಟ್ ಮಾಡಿಸಿ. ಮೇಲೆ ಬೆಳ್ಳಗೆ ಉಪ್ಪು ಕಾಣ್ತಿದ್ದು, ಇಸಿ ಅಂದ್ರೆ ಮಣ್ಣಲ್ಲಿ ಕರಗಿರೋ ಉಪ್ಪಿನ ಅಳತೆ ಜಾಸ್ತಿ, ಪಿಎಚ್ ಅಂದ್ರೆ ಹುಳಿ-ಕ್ಷಾರದ ಅಳತೆ 8.5ರ ಒಳಗಿದ್ರೆ ಅದು ಉಪ್ಪಿನ ಸವಳು. ಪಿಎಚ್ 8.5 ದಾಟಿ, ಇಎಸ್‌ಪಿ ಅಂದ್ರೆ ಮಣ್ಣಿಗೆ ಅಂಟಿಕೊಂಡ ಸೋಡಿಯಂ ಪಾಲು ಶೇಕಡಾ 15ಕ್ಕಿಂತ ಜಾಸ್ತಿ ಇದ್ರೆ ಕ್ಷಾರ, ಅಲ್ಲಿ ನೀರು ಇಂಗೋದೇ ಇಲ್ಲ, ಒಣಗಿದ್ರೆ ಕಲ್ಲಾಗತ್ತೆ. ಜಿಪ್ಸಂ ಬೇಕಾಗೋದು ಈ ಎರಡನೇದಕ್ಕೆ. ಬರೀ ಉಪ್ಪಿನ ಸವಳಿಗೆ ಜಿಪ್ಸಂ ಸುರಿದ್ರೆ ದುಡ್ಡು ದಂಡ, ಆದ್ರೂ ಎಷ್ಟೋ ಜನ ಟೆಸ್ಟ್ ಇಲ್ದೇನೇ ಲೋಡ್ ಇಳಿಸ್ಕೊಳ್ತಾರೆ.

ಆಮೇಲೆ ಬಸಿಗಾಲುವೆ, ಇದೇ ಮುಖ್ಯ ಕೆಲಸ. ಒಂದು ಗುಂಡಿ ತೋಡಿ ನೋಡಿ, ನಾಲ್ಕೈದು ಅಡಿಯೊಳಗೇ ನೀರು ಸಿಕ್ರೆ ಮೇಲಿಂದ ಏನು ಹಾಕಿದ್ರೂ ಉಪ್ಪು ಮತ್ತೆ ಏರತ್ತೆ. ಇಂಥ ಕಡೆ ತೂತಿರೋ ಪಿವಿಸಿ ಪೈಪಿಗೆ ಫಿಲ್ಟರ್ ಬಟ್ಟೆ ಸುತ್ತಿ ಸುಮಾರು ಒಂದು ಮೀಟರ್ ಆಳದಲ್ಲಿ ಸಾಲಾಗಿ ಹೂಳ್ತಾರೆ, ಎಲ್ಲಾ ಪೈಪೂ ಒಂದು ದೊಡ್ಡ ಪೈಪಿಗೆ ಸೇರಿ ಹಳ್ಳಕ್ಕೆ ಹೋಗ್ಬೇಕು. ಸಾಲಿನ ಅಂತರ, ಇಳಿಜಾರು ಎಂಜಿನಿಯರ್ ಸರ್ವೆ ಮಾಡೇ ಹೇಳ್ಬೇಕು, ಅಂದಾಜಿಗೆ ಜೆಸಿಬಿ ತರಿಸ್ಬೇಡಿ. ನೀರು ಹೋಗೋ ದಾರಿ ಪಕ್ಕದವ್ರ ಹೊಲದಲ್ಲೇ ಇರತ್ತೆ, ಅದಕ್ಕೆ ಅಣ್ಣತಮ್ಮಂದ್ರ ಜಗಳ, ಬದುವಿನ ತಕರಾರು ಬದಿಗಿಟ್ಟು ನಾಲ್ಕಾರು ಜನ ಕೂತು ಮಾತಾಡ್ಲೇಬೇಕು, ಒಬ್ರೇ ಮಾಡಿದ್ರೆ ಅರ್ಧ ಕೆಲ್ಸ. ತುಂಗಭದ್ರಾ ಭಾಗದವ್ರು ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಿ, ಸವಳು ಮಣ್ಣಿನ ಮೇಲೆ ಅಲ್ಲಿ ಕೆಲಸ ನಡೀತದೆ.

ನೀರು ಬಸಿಯೋಕೆ ಶುರುವಾದ್ಮೇಲೆ ಮಡಿ ಕಟ್ಟಿ, ಒಳ್ಳೆ ನೀರು ನಿಲ್ಸಿ, ಬಸಿದು ಹೋಗೋಕೆ ಬಿಡಿ, ಉಪ್ಪು ಅದರ ಜೊತೆ ಹೋಗತ್ತೆ. ಕ್ಷಾರ ಇದ್ರೆ ನೀರು ನಿಲ್ಸೋಕೆ ಮುಂಚೆ, ರಿಪೋರ್ಟ್ ಹೇಳಿದಷ್ಟು ಜಿಪ್ಸಂ ಪುಡಿ ಎರಚಿ ಮೇಲಿನ ನಾಲ್ಕಿಂಚು ಮಣ್ಣಿಗೆ ಬೆರೆಸಿ, ಅದರ ಕ್ಯಾಲ್ಸಿಯಂ ಸೋಡಿಯಂನ ಬಿಡಿಸತ್ತೆ, ನೀರು ತೊಳೆದು ಒಯ್ಯತ್ತೆ.

ಮುಂದೆ ಡಯಾಂಚ ಅನ್ನೋ ಹಸಿರೆಲೆ ಗೊಬ್ಬರದ ಬೆಳೆ ಬಿತ್ತಿ, ಹೂ ಬರೋ ಹೊತ್ತಿಗೆ ಹಸಿರಾಗಿದ್ದಾಗ್ಲೇ ಮಣ್ಣಿಗೆ ಹೊಡೀರಿ. ಮೊದಲೆರಡು ವರ್ಷ ಹತ್ತಿ, ಕುಸುಬೆ ಥರ ಉಪ್ಪು ತಡೆಯೋ ಬೆಳೆ ಸಾಕು, ಕಡಲೆ ಹೆಸರು ಈಗ್ಲೇ ಬೇಡ. ಕಬ್ಬು ಬಿಡೋಕೆ ಆಗಲ್ಲ ಅನ್ನೋರು ಡ್ರಿಪ್ ಹಾಕ್ಸಿ, ಪ್ರತಿ ಬೇಸಿಗೆ ಇಸಿ ಟೆಸ್ಟ್ ಮಾಡಿಸ್ತಾ ಇರಿ, ಪೈಪಿನ ಬಾಯಿಗೆ ಹೂಳು ಕಟ್ಟದ ಹಾಗೆ ಮಳೆಗಾಲಕ್ಕೆ ಮುಂಚೆ ಕ್ಲೀನ್ ಮಾಡಿ.