ಹೊಸಬರಿಗೆ ಮಾರ್ಗದರ್ಶಿ: ಮಲೆನಾಡಿನಲ್ಲಿ ಪೆಲೆಟ್ ಸ್ಮೋಕರ್, ಹೊಗೆ ಕಡಿಮೆ ಮಾಡಿ ಸುಡುವ ಬಗೆ

ಶಿವಮೊಗ್ಗಕ್ಕೆ ಹೊಸದಾಗಿ ಬಂದವರು ನಮ್ಮ ಸಂಘದವರನ್ನು ಮೊದಲು ಕೇಳುವುದು ಶಾಲೆ, ಬಾಡಿಗೆ ಮನೆ, ಗ್ಯಾಸ್ ಕನೆಕ್ಷನ್ ಬಗ್ಗೆ. ಈ ಭಾಗ ಅದರ ಬಗ್ಗೆ ಅಲ್ಲ. ಹೊರದೇಶದಿಂದ ವಾಪಸ್ ಬರುವಾಗ ಸಾಮಾನಿನ ಜೊತೆ ಪೆಲೆಟ್ ಸ್ಮೋಕರ್ (ಮರದ ಪುಡಿಯ ಕಡ್ಡಿ ಉರಿಸಿ, ಮುಚ್ಚಳದೊಳಗಿನ ಬಿಸಿ ಗಾಳಿ ಮತ್ತು ಹೊಗೆಯಲ್ಲಿ ಅಡುಗೆ ಬೇಯಿಸುವ, ಕರೆಂಟಿನಿಂದ ನಡೆಯುವ ಒಲೆ) ತಂದವರಿಗೆ, ಇಲ್ಲಿಗೆ ಬಂದ ಮೇಲೆ ಒಂದನ್ನು ತರಿಸಿಕೊಂಡವರಿಗೆ ಇದನ್ನು ಬರೆಯುತ್ತಿದ್ದೇವೆ. ಅಲ್ಲಿ ದೊಡ್ಡ ಹಿತ್ತಲಿತ್ತು, ಕರೆಂಟ್ ಹೋಗುತ್ತಿದ್ದದ್ದು ಅಪರೂಪ. ಇಲ್ಲಿ ಗೋಪಾಳದಲ್ಲೋ ವಿನೋಬನಗರದಲ್ಲೋ ಮನೆ ಮಾಡಿದರೆ ನಿಮ್ಮ ಟೆರೇಸಿಗೂ ಪಕ್ಕದ ಮನೆಯ ಕಿಟಕಿಗೂ ನಡುವೆ ಕೈಯಳತೆಯ ಜಾಗ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತೋಟದ ಮನೆಯಾದರೆ ಜಾಗಕ್ಕೆ ಬರವಿಲ್ಲ, ಆದರೆ ಮಳೆಗಾಲದಲ್ಲಿ ಗಾಳಿಯಲ್ಲೇ ನೀರಿರುತ್ತದೆ. ಹೊರದೇಶದಲ್ಲಿ ಕಂಡೂ ಕಾಣದಷ್ಟು ಹೊಗೆ ಬಿಡುತ್ತಿದ್ದ ಅದೇ ಸ್ಮೋಕರ್ ಇಲ್ಲಿ ದಟ್ಟ ಬಿಳಿ ಹೊಗೆ ಕಾರುತ್ತದೆ. ಗಾಬರಿಯಾಗಬೇಡಿ, ಸಾಮಾನ್ಯವಾಗಿ ಅದು ಕೆಟ್ಟಿರುವುದಿಲ್ಲ. ತೇವ, ಬೂದಿ, ಜಿಡ್ಡು, ಕರೆಂಟು, ಇವುಗಳಲ್ಲಿ ಯಾವುದೋ ಒಂದು ಕಾರಣವಾಗಿರುತ್ತದೆ.

ಹೊಗೆ ಯಾಕೆ ಬರುತ್ತದೆ

ಪೆಲೆಟ್ ಎಂದರೆ ಮರದ ಪುಡಿಯನ್ನು ಒತ್ತಿ ಮಾಡಿದ, ಸುಮಾರು 6 ಮಿ.ಮೀ. ದಪ್ಪದ ಚಿಕ್ಕ ಕಡ್ಡಿ. ಮರದಲ್ಲೇ ಇರುವ ಲಿಗ್ನಿನ್ ಒತ್ತಡದ ಬಿಸಿಗೆ ಮೆತ್ತಗಾಗಿ, ಆರಿದ ಮೇಲೆ ಅಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ತುಂಬಿದ ಪೆಲೆಟ್ಟನ್ನು ಒಂದು ಉದ್ದ ಸ್ಕ್ರೂ ಸ್ವಲ್ಪ ಸ್ವಲ್ಪವೇ ತಳ್ಳಿ ಬೆಂಕಿ ಬಟ್ಟಲಿಗೆ ಬೀಳಿಸುತ್ತದೆ. ಒಂದು ಕಡ್ಡಿ ಹೀಟರ್ ಅದಕ್ಕೆ ಕಿಡಿ ಹಚ್ಚುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಮನೆ ಬೆಚ್ಚಗಿಡುವ ಪೆಲೆಟ್ ಒಲೆಯ ಇದೇ ಉಪಾಯವನ್ನು 1980ರ ದಶಕದಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಜೋ ಟ್ರೇಗರ್ ಅಡುಗೆಗೆ ತಂದರು.

ಮರ ಬಿಸಿಯಾದಾಗ ಮೊದಲು ಅನಿಲ ಹೊರಡುತ್ತದೆ. ಸಾಕಷ್ಟು ಬಿಸಿ, ಸಾಕಷ್ಟು ಗಾಳಿ ಇದ್ದರೆ ಆ ಅನಿಲವೇ ಉರಿಯಾಗುತ್ತದೆ. ಎರಡರಲ್ಲಿ ಒಂದು ಕಡಿಮೆಯಾದರೂ ಸುಡದೆ ಉಳಿದ ಅನಿಲ, ಟಾರು, ನೀರಾವಿ ಸೇರಿ ಬಿಳಿ ಹೊಗೆಯಾಗಿ ಹೊರಬರುತ್ತದೆ. ಮಲೆನಾಡಿನ ಹಿರಿಯರಿಗೆ ಇದು ಹೊಸ ಮಾತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆ ಎಂಬ ಸುಧಾರಿತ ಸೌದೆ ಒಲೆಯ ಹಿಂದೆಯೂ ಇದೇ ಲೆಕ್ಕ: ಒಣ ಸೌದೆ, ಸರಿಯಾದ ಗಾಳಿ, ಹೊಗೆಗೆ ಹೊರದಾರಿ. ನಿಮ್ಮ ಸ್ಮೋಕರಿಗೂ ಬೇಕಾದದ್ದು ಅಷ್ಟೇ.

ಒಂದು ತಪ್ಪು ತಿಳಿವಳಿಕೆ ಬಿಡಿ. ಹೊಗೆ ಜಾಸ್ತಿಯಾದರೆ ರುಚಿ ಜಾಸ್ತಿ ಅಂತಿಲ್ಲ. ದಟ್ಟ ಬಿಳಿ ಹೊಗೆ ಕೋಳಿಗೆ ಕಹಿ ಹತ್ತಿಸುತ್ತದೆ, ಅಷ್ಟೇ. ಚಿಮಣಿಯ ಬಾಯಲ್ಲಿ ತೆಳು ನೀಲಿ ಎಳೆ ಕಂಡರೆ ಅಥವಾ ಹೊಗೆಯೇ ಕಾಣದೆ ಬಿಸಿ ಗಾಳಿ ಮಾತ್ರ ಅದುರುತ್ತಿದ್ದರೆ ಬೆಂಕಿ ಚೆನ್ನಾಗಿದೆ ಎಂದು ಅರ್ಥ. ಸುಟ್ಟ ಘಮಕ್ಕೆ ಅಷ್ಟು ಸಾಕು.

ಪೆಲೆಟ್ ಒಣಗಿರಲಿ

ಮಲೆನಾಡಿನಲ್ಲಿ ಹೆಚ್ಚು ಜನ ಸೋಲುವುದು ಇಲ್ಲೇ, ಅದಕ್ಕೆ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ, ಆದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಷ್ಟು ಹಿಡಿಯುತ್ತದೆ. ಪೆಲೆಟ್ಟಿನಲ್ಲಿ ತೇವ ನೂರಕ್ಕೆ ಹತ್ತರೊಳಗೆ ಇರಬೇಕು. ಚೀಲ ಬಿಚ್ಚಿ ಜಗುಲಿಯ ಮೂಲೆಯಲ್ಲಿಟ್ಟರೆ ಅದು ಗಾಳಿಯ ನೀರನ್ನು ಎಳೆದುಕೊಳ್ಳದೆ ಬಿಡುವುದಿಲ್ಲ.

ಒಂದು ಪೆಲೆಟ್ ತೆಗೆದುಕೊಂಡು ಎರಡು ಬೆರಳ ನಡುವೆ ಮುರಿಯಿರಿ. ಟಕ್ ಎಂದು ಮುರಿದು, ಮೈ ನುಣುಪಾಗಿ ಹೊಳೆಯುತ್ತಿದ್ದರೆ ಚೆನ್ನಾಗಿದೆ. ಸದ್ದಿಲ್ಲದೆ ಬಾಗಿ ಪುಡಿಯಾದರೆ, ಮೈ ಮಂಕಾಗಿ ಉಬ್ಬಿದ್ದರೆ ಅದನ್ನು ಸ್ಮೋಕರಿಗೆ ಹಾಕಬೇಡಿ, ಬಚ್ಚಲ ಒಲೆಗೆ ಕೊಡಿ. ಒದ್ದೆ ಪೆಲೆಟ್ ಬರೀ ಹೊಗೆಯಾಡುವುದಷ್ಟೇ ಅಲ್ಲ, ಸ್ಕ್ರೂ ಒಳಗೆ ಉಬ್ಬಿ ಸಿಮೆಂಟಿನ ಹಾಗೆ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಸ್ಕ್ರೂ ಹೊರಗೆಳೆದು ಕೆರೆಯುವುದು ಅರ್ಧ ದಿನದ ಕೆಲಸ.

ಹಾಗಾಗಿ ರಬ್ಬರ್ ರಿಂಗ್ ಇರುವ ಬಿಗಿ ಮುಚ್ಚಳದ ಡ್ರಮ್ ಒಂದನ್ನು ತಂದುಕೊಳ್ಳಿ. ಅಡುಗೆ ಮುಗಿದು ಸ್ಮೋಕರ್ ತಣ್ಣಗಾದ ಮೇಲೆ ಪೆಟ್ಟಿಗೆಯಲ್ಲಿ ಉಳಿದ ಪೆಲೆಟ್ಟನ್ನು ಅವತ್ತೇ ತೆಗೆದು ಡ್ರಮ್ಮಿಗೆ ಹಾಕಿ. ನಾಳೆ ಮತ್ತೆ ಹಚ್ಚುತ್ತೇನಲ್ಲ ಎಂದು ಬಿಡಬೇಡಿ. ಹಳ್ಳಿ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಒಣಗಿರಲಿ ಎಂದು ಇಡುವ ರೂಢಿ ಇದೆ. ಪೆಲೆಟ್ ಚೀಲವನ್ನು ಮಾತ್ರ ಅಲ್ಲಿಡಬೇಡಿ, ಕೆಳಗೆ ಬೆಂಕಿ ಇರುತ್ತದೆ. ಎಷ್ಟು ಕೂಡಿಡಬೇಕು ಎಂದರೆ, ಗಂಟೆಗೆ ಸುಮಾರು ಅರ್ಧದಿಂದ ಒಂದು ಕೆ.ಜಿ. ಖರ್ಚಾಗುತ್ತದೆ, ಉರಿ ಜೋರಿದ್ದರೆ ಇನ್ನೂ ಜಾಸ್ತಿ. ಮಳೆಗಾಲಕ್ಕೆ ಅಂತ ತುಂಬ ತಂದಿಟ್ಟುಕೊಳ್ಳಬೇಡಿ.

ಅಡುಗೆಗೆ ಅಂತಲೇ ಮಾಡಿದ ಪೆಲೆಟ್ಟನ್ನೇ ಕೊಳ್ಳಿ. ನಮ್ಮಲ್ಲಿ ಕಾರ್ಖಾನೆ ಬಾಯ್ಲರಿಗೆ, ಹೋಟೆಲಿನ ದೊಡ್ಡ ಒಲೆಗೆ ಅಂತ ಜೈವಿಕ ಇಂಧನದ ಪೆಲೆಟ್ ಸಿಗುತ್ತದೆ, ಬೆಲೆಯೂ ಕಡಿಮೆ. ನೋಡಲು ಎರಡೂ ಒಂದೇ ಥರ. ಆದರೆ ಅದರಲ್ಲಿ ಶೇಂಗಾ ಸಿಪ್ಪೆ, ಬಣ್ಣ ಬಳಿದ ಮರದ ಪುಡಿ, ಏನು ಬೇಕಾದರೂ ಸೇರಿರಬಹುದು. ಪಾತ್ರೆಯ ಕೆಳಗೆ ಉರಿಯುವ ಬೆಂಕಿಗೆ ಅದು ನಡೆಯುತ್ತದೆ. ಇಲ್ಲಿ ಹೊಗೆ ನೇರ ಊಟಕ್ಕೆ ತಾಗುತ್ತದೆ, ಹಾಗಾಗಿ ಬೇಡ. ತೋಟದಲ್ಲಿ ಸಿಗುವ ಅಡಿಕೆ ಸಿಪ್ಪೆ, ಅಕೇಶಿಯಾ ಚಕ್ಕೆಯನ್ನೂ ಪೆಟ್ಟಿಗೆಗೆ ಸುರಿಯಬೇಡಿ, ಸ್ಕ್ರೂ ಸಿಕ್ಕಿಹಾಕಿಕೊಳ್ಳುತ್ತದೆ. ಗೇರುಬೀಜದ ಸಿಪ್ಪೆಯಂತೂ ಯಾವ ಕಾರಣಕ್ಕೂ ಬೇಡ. ಅದರ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಹೊಗೆ ಕಣ್ಣು ಗಂಟಲನ್ನು ಸುಡುತ್ತದೆ.

ಕರೆಂಟಿನ ವಿಷಯ

ಯುರೋಪ್, ಆಸ್ಟ್ರೇಲಿಯಾದಿಂದ ತಂದದ್ದಾದರೆ ಪ್ಲಗ್ ಬದಲಾಯಿಸಿದರೆ ಸಾಕು, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ್ದಾದರೆ 120 ವೋಲ್ಟ್, 60 ಹರ್ಟ್ಸ್. ನೇರ ಚುಚ್ಚಿದರೆ ಸ್ಮೋಕರಿನೊಳಗಿನ ಕಂಟ್ರೋಲ್ ಬೋರ್ಡ್ ಸುಟ್ಟುಹೋಗುತ್ತದೆ. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಕಿಡಿ ಹಚ್ಚುವಾಗ ಸುಮಾರು 300 ವ್ಯಾಟ್ ಎಳೆಯುತ್ತದೆ, ಆಮೇಲೆ 50 ವ್ಯಾಟ್ ಆಸುಪಾಸು. 500 ವ್ಯಾಟಿನದು ತಗೊಂಡರೆ ನಿಶ್ಚಿಂತೆ.

ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ (ಕರೆಂಟಿನ ಆವರ್ತನ) ಬದಲಾಯಿಸುವುದಿಲ್ಲ, ಎಸಿ ಮೋಟಾರಿನ ವೇಗ ನಿಂತಿರುವುದು ಅದರ ಮೇಲೆ. ಎಸಿ ಮೋಟಾರ್ ಇರುವ ಮಾದರಿಗಳಲ್ಲಿ ಫ್ಯಾನ್ ಮತ್ತು ಸ್ಕ್ರೂ ಎರಡೂ ಇಲ್ಲಿ ಹೆಚ್ಚುಕಡಿಮೆ ಆರನೇ ಒಂದು ಪಾಲು ನಿಧಾನ ತಿರುಗುತ್ತವೆ. ಗಾಳಿ ಕಡಿಮೆಯಾಯಿತು ಎಂದರೆ ಹೊಗೆ ಜಾಸ್ತಿ, ಅಲ್ವಾ? ಡಿಸಿ ಮೋಟಾರಿನ ಮಾದರಿಗೆ ಈ ತೊಂದರೆ ಇಲ್ಲ. ನಿಮ್ಮದು ಯಾವುದು ಎಂದು ಮೋಟಾರಿನ ಮೇಲಿನ ಚೀಟಿ ನೋಡಿ. ಎಸಿ ಆಗಿದ್ದರೆ ಕಡಿಮೆ ಉರಿಯ ಅಡುಗೆಗೆ ಹೋಗದೆ, ಯಾವಾಗಲೂ ಮೇಲಿನ ಉರಿಯಲ್ಲೇ ಬಳಸುವುದು ಒಳ್ಳೆಯದು.

ಮಳೆಗಾಳಿಗೆ ಲೈನಿನ ಮೇಲೆ ಕೊಂಬೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೆ ಎಂದು ಹೇಳಲಾಗದು. ಮೆಸ್ಕಾಂನ ವಿದ್ಯುತ್ ನಿಲುಗಡೆ ಪ್ರಕಟಣೆ ಪತ್ರಿಕೆಯಲ್ಲಿ ಬರುತ್ತದೆ, ಆ ದಿನ ಸ್ಮೋಕರ್ ಹಚ್ಚಬೇಡಿ. ಉಳಿದ ದಿನ ಮನೆಯ ಇನ್ವರ್ಟರಿಗೆ ಕೊಟ್ಟುಕೊಳ್ಳಿ. ನಡುವೆ ಫ್ಯಾನ್ ನಿಂತರೆ ಬಟ್ಟಲಿನಲ್ಲಿರುವ ಪೆಲೆಟ್ ಉರಿಯದೆ ಹೊಗೆಯಾಡುತ್ತದೆ. ಕೆಂಡ ನಿಧಾನಕ್ಕೆ ಸ್ಕ್ರೂ ದಾರಿಯಲ್ಲಿ ಪೆಟ್ಟಿಗೆಯ ಕಡೆಗೂ ಹಿಂದೆ ಹರಿಯಬಹುದು. ಹಾಗಾದಾಗ ಸ್ವಿಚ್ ಆಫ್ ಮಾಡಿ, ಮುಚ್ಚಳ ಮುಚ್ಚಿಯೇ ಇರಲಿ. ಕರೆಂಟ್ ಬಂತೆಂದು ಕೂಡಲೇ ಆನ್ ಮಾಡಬೇಡಿ. ಪೂರ್ತಿ ತಣಿದ ಮೇಲೆ ಬಟ್ಟಲು ಖಾಲಿ ಮಾಡಿ, ಆಮೇಲೆ ಹೊಸದಾಗಿ ಹಚ್ಚಿ. ತುಂಬಿದ ಬಟ್ಟಲಿಗೆ ಕಿಡಿ ಬಿದ್ದರೆ ಒಳಗೆ ತುಂಬಿಕೊಂಡ ಹೊಗೆ ಒಮ್ಮೆಲೇ ಹೊತ್ತಿ ಮುಚ್ಚಳವನ್ನೇ ಎತ್ತಿಬಿಡುತ್ತದೆ. ದಟ್ಟ ಹೊಗೆ ಬರುತ್ತಿರುವಾಗ ಇಣುಕಿ ನೋಡಲು ಮುಚ್ಚಳ ತೆಗೆಯಬಾರದು ಎನ್ನುವುದೂ ಇದಕ್ಕೇ.

ಅರ್ಥಿಂಗ್ ಸರಿ ಇರಬೇಕು. ಒದ್ದೆ ನೆಲ, ಕಬ್ಬಿಣದ ಮೈ, ಹೊರಗಿನ ಪ್ಲಗ್. ಚಪ್ಪಲಿ ಹಾಕಿಕೊಂಡೇ ಮುಟ್ಟಿ.

ಎಲ್ಲಿಡಬೇಕು

ಮಳೆ ಬಂತೆಂದು ಒಳಗೆ ತರಬೇಡಿ. ಜಗುಲಿ, ಶಟರ್ ಎಳೆದ ಕಾರ್ ಶೆಡ್, ಗಾಜು ಹಾಕಿದ ಬಾಲ್ಕನಿ, ಯಾವುದೂ ಬೇಡ. ಕಣ್ಣಿಗೆ ಹೊಗೆ ಕಾಣದಿದ್ದರೂ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆ ಇಲ್ಲ, ಜೀವ ತೆಗೆಯುತ್ತದೆ. ಸೋಗೆ ಚಪ್ಪರ, ನೆರಳು ಬಲೆ, ಟಾರ್ಪಾಲು ಇವುಗಳ ಕೆಳಗೂ ಬೇಡ, ಒಂದು ಕಿಡಿ ಸಾಕು. ನಾಲ್ಕೂ ಕಡೆ ತೆರೆದ, ಎತ್ತರದ ತಗಡಿನ ಶೀಟಿನ ಕೆಳಗೆ, ಗೋಡೆಯಿಂದ ಒಂದು ಮೀಟರ್ ದೂರ ಇಡಿ. ಸುಗ್ಗಿಯಲ್ಲಿ ತೋಟದ ಮನೆಯ ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ. ಗಾಳಿ ಆ ಕಡೆ ಬೀಸುತ್ತಿದ್ದರೆ ಜಾಗ ಬದಲಾಯಿಸಿ, ವರ್ಷದ ದುಡಿಮೆಯ ಮೇಲೆ ಬೂದಿ ಹಾರಬಾರದು.

ಹಚ್ಚುವುದು, ಸುಡುವುದು

ಮೊದಲು ಬೆಂಕಿ ಬಟ್ಟಲಿನ ಬೂದಿ ತೆಗೆಯಿರಿ. ಬೂದಿ ಗಾಳಿಯ ತೂತುಗಳನ್ನು ಮುಚ್ಚಿದರೆ ಎಷ್ಟು ಒಳ್ಳೆಯ ಪೆಲೆಟ್ ಹಾಕಿದರೂ ಹೊಗೆಯೇ. ಹಚ್ಚಿದ ಮೇಲೆ ಮೊದಲ ಐದಾರು ನಿಮಿಷ ಬಿಳಿ ಹೊಗೆ ಬಂದೇ ಬರುತ್ತದೆ. ಅದು ಹೋಗಿ, ಕಾದು ಹದಕ್ಕೆ ಬರಲು ಇನ್ನೊಂದು ಹತ್ತು ಹದಿನೈದು ನಿಮಿಷ ಬೇಕು. ಅಲ್ಲಿಯವರೆಗೆ ಅಡುಗೆ ಒಳಗಿಡಬೇಡಿ.

ಉರಿ 107 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಪುಸ್ತಕದಲ್ಲಿ ಬರೆದಿರುವ 225 ಫ್ಯಾರನ್‌ಹೀಟ್‌ನಲ್ಲಿ ಇಟ್ಟರೆ ಸ್ಕ್ರೂ ನಿಂತು ನಿಂತು ತಿರುಗುತ್ತದೆ. ಪ್ರತಿ ಸಲ ಹೊಸ ಪೆಲೆಟ್ ಬಿದ್ದಾಗ ಒಂದು ಉಸಿರು ಹೊಗೆ. ಹೊಗೆ ಬೇಡ ಎನ್ನುವವರು 180ರಿಂದ 220 ಡಿಗ್ರಿ ನಡುವೆ ಇಡಿ. ಸ್ಮೋಕ್ ಎಂದು ಬರೆದಿರುವ ಸೆಟ್ಟಿಂಗ್ ಕಡೆ ಹೋಗಲೇಬೇಡಿ.

ಇನ್ನೊಂದು ಹೊಗೆ ಜಿಡ್ಡಿನದು, ಕಣ್ಣು ಉರಿಸುವುದು ಇದೇ. ಮೊಸರು, ಎಣ್ಣೆ, ಮಸಾಲೆ ತೊಟ್ಟಿಕ್ಕುವ ಕೋಳಿಯನ್ನು ಹಾಗೇ ಇಡಬೇಡಿ, ಹೆಚ್ಚಿನದನ್ನು ಒರೆಸಿ. ಅಂಗಡಿಯಲ್ಲಿ ಸ್ಕಿನ್ ಔಟ್ ಕೇಳಿ ತಗೊಳ್ಳಿ, ಕೊಬ್ಬು ಕಡಿಮೆ ತೊಟ್ಟಿಕ್ಕುತ್ತದೆ. ಜಿಡ್ಡಿನ ತಟ್ಟೆಗೆ ಪ್ರತಿ ಸಲ ಹೊಸ ಫಾಯಿಲ್ ಹಾಸಿ. ನಾಟಿ ಕೋಳಿಯನ್ನು ಇದರಲ್ಲಿ ಸುಡುವುದು ವ್ಯರ್ಥ ಎಂಬುದು ನಮ್ಮ ಅಭಿಪ್ರಾಯ, ಅದು ಸಾರಿಗೇ ಸರಿ. ಬ್ರಾಯ್ಲರ್ ಚೆನ್ನಾಗಿ ಬರುತ್ತದೆ, ದಪ್ಪ ಭಾಗದ ಒಳಗೆ 74 ಡಿಗ್ರಿ ಮುಟ್ಟಿದ್ದನ್ನು ಥರ್ಮಾಮೀಟರ್ ಚುಚ್ಚಿ ನೋಡಿ ತೆಗೆಯಿರಿ. ಕರಾವಳಿಯಿಂದ ಘಟ್ಟ ಹತ್ತಿ ಬರುವ ಬಂಗುಡೆಗೆ ಸೂಜಿಮೆಣಸು, ಉಪ್ಪು, ಹುಳಿ ಅರೆದು ಸವರಿ ಬಾಳೆ ಎಲೆಯಲ್ಲಿ ಸುತ್ತಿಟ್ಟರೆ ಎಣ್ಣೆ ಕೆಳಗೆ ಬೀಳುವುದೇ ಇಲ್ಲ.

ಸಸ್ಯಾಹಾರಿ ಮನೆಯವರಿಗೂ ಇದು ಒಳ್ಳೆಯ ಒಲೆ. ಬದನೆಕಾಯಿಯನ್ನು 220 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬಿಡಿ. ಸಿಪ್ಪೆ ಸುಕ್ಕಾಗಿ ಕುಸಿಯುತ್ತದೆ, ತೊಟ್ಟು ಹಿಡಿದು ಎಳೆದರೆ ಒಳಗಿನ ತಿರುಳು ಒಂದೇ ಗುಕ್ಕಿಗೆ ಕಳಚಿ ಬರುತ್ತದೆ. ಕಿವುಚಿ, ಮೊಸರು ಬೆರೆಸಿ, ಹಸಿಮೆಣಸಿನ ಒಗ್ಗರಣೆ ಕೊಟ್ಟರೆ ಸುಟ್ಟ ಬದನೆ ಗೊಜ್ಜು ಕೆಂಡದಲ್ಲಿ ಸುಟ್ಟಷ್ಟೇ ಚೆನ್ನ. ಗೆಣಸು, ಸೀಳಿದ ಹಲಸಿನ ಬೀಜ, ಜೋಳದ ತೆನೆ ಎಲ್ಲವೂ ಹೊಗೆಯಿಲ್ಲದೆ ಆಗುತ್ತವೆ, ತೊಟ್ಟಿಕ್ಕುವ ಜಿಡ್ಡೇ ಇಲ್ಲವಲ್ಲ.

ಒಳಗೆ ಜಿಡ್ಡಿಗೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ. ಮುಚ್ಚಳ ಮುಚ್ಚಿ, ಸ್ವಿಚ್ ಆಫ್ ಮಾಡಿ, ದೂರ ನಿಲ್ಲಿ. ಸಾಮಾನ್ಯ ದಿನಗಳಲ್ಲಿ ಮಾತ್ರ ಸುಮ್ನೆ ಪ್ಲಗ್ ಕೀಳಬಾರದು, ಆರಿಸುವ ಬಟನ್ ಒತ್ತಿ ಫ್ಯಾನ್ ತಾನಾಗಿ ನಿಲ್ಲುವವರೆಗೆ ಬಿಡಿ.

ಅಕ್ಕಪಕ್ಕದವರು

ಮಳೆಗಾಲದಲ್ಲಿ ಎರಡು ಗಂಟೆ ಬಿಸಿಲು ಬಿದ್ದರೆ ಇಡೀ ಬೀದಿ ಬಟ್ಟೆ ಒಣಗಿಸುತ್ತದೆ. ಆ ಹೊತ್ತಿಗೆ ಸ್ಮೋಕರ್ ಹಚ್ಚಬೇಡಿ. ಸಂಜೆ ಹಚ್ಚುವುದಿದ್ದರೆ ಮೊದಲೇ ಒಂದು ಮಾತು ಹೇಳಿ: "ಅಕ್ಕಾ, ಆರು ಗಂಟೆಗೆ ಐದು ನಿಮಿಷ ಹೊಗೆ ಬರುತ್ತೆ, ಬಟ್ಟೆ ತೆಗೆದುಬಿಡ್ತೀರಾ?" ಹೀಗೆ ಕೇಳಿದವರ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಪಕ್ಕದಲ್ಲಿ ಉಬ್ಬಸ ಇರುವವರು, ಬಾಣಂತಿ, ಎಳೆಗೂಸು ಇದ್ದರೆ ಚಿಮಣಿಯನ್ನು ಬೇರೆ ದಿಕ್ಕಿಗೆ ತಿರುಗಿಸಿ. ಗೌರಿ ಗಣೇಶ, ಪಿತೃಪಕ್ಷದ ದಿನಗಳಲ್ಲಿ ಮಾಂಸ ಸುಡುವುದನ್ನು ಮುಂದೆ ಹಾಕಿದರೆ ಸಂಬಂಧ ಚೆನ್ನಾಗಿರುತ್ತದೆ.

ಮಳೆಗಾಲಕ್ಕೆ ಎತ್ತಿಡುವುದು

ಬಳಸುವುದಿಲ್ಲ ಎಂದಾದರೆ ಮೇ ಕೊನೆಯಲ್ಲೇ ಪೆಟ್ಟಿಗೆ ಖಾಲಿ ಮಾಡಿ. ಸ್ಕ್ರೂ ಒಳಗೆ ಉಳಿದದ್ದೂ ಉರಿದು ಮುಗಿಯಲಿ. ಜಿಡ್ಡು ಕೆರೆದು, ಜಾಲರಿಗೆ ತೆಳ್ಳಗೆ ಎಣ್ಣೆ ಸವರಿ. ಬೂದಿಯನ್ನು ಪ್ಲಾಸ್ಟಿಕ್ ಬಕೆಟಿಗೆ ಹಾಕಬೇಡಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಒಂದು ದಿನ ಇಟ್ಟು, ಪೂರ್ತಿ ಆರಿದ ಮೇಲೆ ಎಸೆಯಿರಿ. ಹೊದಿಕೆಯನ್ನು ನೆಲದವರೆಗೆ ಬಿಗಿಯಾಗಿ ಕಟ್ಟಬೇಡಿ, ಒಳಗೆ ಬೆವರು ಕೂತು ತುಕ್ಕು ಹಿಡಿಯುತ್ತದೆ, ಕೆಳಗೆ ಗಾಳಿ ಆಡಲು ಜಾಗ ಬಿಡಿ. ಮಳೆ ಮುಗಿದು ಮತ್ತೆ ತೆಗೆದಾಗ ಇರುವೆ, ಜೇಡ ಒಳಗೆ ಮನೆ ಮಾಡಿವೆಯೇ ಎಂದು ಚಿಮಣಿ, ಫ್ಯಾನ್ ನೋಡಿ. ಹೊಸ ಪೆಲೆಟ್ ಹಾಕಿ, ಖಾಲಿ ಜಾಲರಿಯಲ್ಲೇ 200 ಡಿಗ್ರಿಗೆ ಅರ್ಧ ಗಂಟೆ ಉರಿಸಿ. ಬೂಷ್ಟಿನ ವಾಸನೆ ಹೋದ ಮೇಲೆ ಅಡುಗೆ ಇಡಿ.